ಕುಡಿಯದೆ ಕೊಯ್ದ ವರ್ಷಗಳು

ಶವಪರೀಕ್ಷೆಯ ಕೋಣೆಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತಾರೆ: ಕುಡಿಯದೆ ಈ ಕೆಲಸ ಆಗುವುದಿಲ್ಲ. ಡಾಕ್ಟರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಹೆಣದ ಜೊತೆ ಬಂದ ನೆಂಟರೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬನೂ ಆ ಕೆಲಸ ಕೈಯಾರೆ ಮಾಡಿದವನಲ್ಲ. ನಾನು ಹದಿನೆಂಟು ವರ್ಷ ಮಾಡಿದೆ. ಒಂದು ಹನಿ ಮುಟ್ಟದೆ ಮಾಡಿದೆ. ಆ ಮಾತು ಸುಳ್ಳು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಹೆಸರು ದುರುಗಪ್ಪ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆಯೇ ನನ್ನ ನೌಕರಿ ಮುಗಿಯಿತು. ಯಾವ ಘಟನೆ ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ಸತ್ತವರಿಗೆ ಮನೆಯವರಿದ್ದಾರೆ, ಬದುಕಿರುವ ಡಾಕ್ಟರುಗಳಿಗೂ ಮನೆಯವರಿದ್ದಾರೆ. ನನಗೆ ಎಷ್ಟು ಸಲ ಬಡ್ತಿ ಸಿಕ್ಕಿತು ಎಂದು ಕೇಳುವವರಿಗೆ ಉತ್ತರ ಸುಲಭ. ಸಿಗಲಿಲ್ಲ.

ನಮ್ಮ ತಾತ ಕೊಟ್ಟೂರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಹೊಲಿಯುವ ಕೈ ಎಂದು ನನ್ನಪ್ಪನನ್ನು ಆಸ್ಪತ್ರೆಯವರು ಹೆಣ ಹೊಲಿಯಲು ಕರೆದರು. ಕಾಗದದ ಮೇಲೆ ಆತ ಕಸ ಗುಡಿಸುವ ನೌಕರ. ಕೊಯ್ಯಬೇಕಾದವರು ಡಾಕ್ಟರು, ಅಪ್ಪ ಪಕ್ಕದಲ್ಲಿ ನಿಂತು ನೀರು ಹಾಕಬೇಕು. ನಡೆಯುತ್ತಿದ್ದದ್ದು ಬೇರೆ. ಡಾಕ್ಟರು ಬಾಗಿಲಲ್ಲಿ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದರು, ಅಪ್ಪ ಒಳಗೆ ಕೊಯ್ದು, ಕಂಡದ್ದನ್ನು ಕೂಗಿ ಹೇಳಿ, ಗೋಣಿಚೀಲ ಹೊಲಿಯುವ ದಬ್ಬಳದಿಂದ ಹೊಲಿದು ಹೊರಗೆ ಬರುತ್ತಿದ್ದ. ಒಳಗೆ ಹೋಗುವ ಮುಂಚೆ ಎರಡು ಪಾಕೀಟು ಸಾರಾಯಿ, ಬಂದ ಮೇಲೆ ಎರಡು. ಹೆಣದ ಜೊತೆ ಬಂದ ಪೊಲೀಸಪ್ಪ ಅದನ್ನು ಸತ್ತವರ ಕಡೆಯವರಿಂದ ತರಿಸುತ್ತಿದ್ದ. ಇದು ಲಂಚ ಎಂದು ಯಾರೂ ತಿಳಿಯುತ್ತಿರಲಿಲ್ಲ. ಹೆಣಕ್ಕೆ ಬಟ್ಟೆ, ಹೂವು ತಂದ ಹಾಗೆ ಕೊಯ್ಯುವವನಿಗೆ ಪಾಕೀಟು ತರುತ್ತಿದ್ದರು. ಅಪ್ಪ ನಿವೃತ್ತಿಯ ಹೊತ್ತಿಗೆ ರಕ್ತ ಕಾರಿ ಸತ್ತ. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಅದೇ ಇಲಾಖೆಯಲ್ಲಿ ವಾರ್ಡಿನ ಸ್ಟ್ರೆಚರ್ ತಳ್ಳಿಕೊಂಡಿದ್ದೆ. ಅಪ್ಪನ ದಬ್ಬಳವನ್ನು ನನ್ನ ಕೈಗೆ ಕೊಟ್ಟರು. ಬೇರೆ ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಕೇರಿಯ ಕೆಲವು ಮನೆಗಳವರು ಬೌದ್ಧರಾಗಿದ್ದೆವು. ಪಂಚಶೀಲ ತೆಗೆದುಕೊಂಡಿದ್ದೆವು. ಐದನೆಯದು, ಅಮಲು ಬರಿಸುವುದನ್ನು ಮುಟ್ಟುವುದಿಲ್ಲ ಎನ್ನುವುದು. ಉಳಿದ ನಾಲ್ಕರಲ್ಲಿ ನಾನು ಅಷ್ಟೇನೂ ಗಟ್ಟಿಗನಲ್ಲ, ಸಿಟ್ಟಿನಲ್ಲಿ ಬೈಯುತ್ತೇನೆ, ಹೆಂಡತಿಯ ಹತ್ತಿರ ಸಣ್ಣ ಪುಟ್ಟ ಸುಳ್ಳು ಹೇಳಿದ್ದೇನೆ. ಐದನೆಯದು ಮಾತ್ರ ನನ್ನದು ಎಂದುಕೊಂಡಿದ್ದೆ. ಅಪ್ಪನ ಹಾಸಿಗೆ ತೊಳೆದವನು ನಾನು. ಅದನ್ನು ಬಿಟ್ಟುಕೊಟ್ಟರೆ ನನ್ನ ಬಳಿ ಮತ್ತೇನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಮಗೆ ಧ್ಯಾನ ಹೇಳಿಕೊಡುತ್ತಿದ್ದವರು ಹೊನ್ನೂರಪ್ಪ ಮೇಷ್ಟ್ರು, ನಿವೃತ್ತ ಡ್ರಿಲ್ ಮಾಸ್ತರು. ಸೀಟಿ ಊದಿ ಮಕ್ಕಳನ್ನು ಓಡಿಸಿದ ಮನುಷ್ಯ, ನಮ್ಮನ್ನೂ ಹಾಗೆಯೇ ಕೂರಿಸುತ್ತಿದ್ದರು. ಬೆನ್ನು ಬಾಗಿದರೆ ಬೆತ್ತದ ತುದಿಯಿಂದ ತಿವಿಯುತ್ತಿದ್ದರು. ಉಸಿರು ಮೂಗಿನ ತುದಿಯಲ್ಲಿ ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡುತ್ತಿರಬೇಕು, ಅಷ್ಟೇ ಅವರ ಪಾಠ. ನನಗೆ ಹೊಸ ಕೆಲಸ ಬಿದ್ದ ಸುದ್ದಿ ಹೇಳಲು ಹೋದೆ.

"ಮೇಷ್ಟ್ರೇ, ಆ ರೂಮಿನಾಗ ಉಸಿರು ನೋಡು ಅಂದ್ರ ವಾಸನಿ ನೋಡು ಅಂದಂಗ ಆಕೈತಿ. ಹೆಂಗ ನೋಡ್ಲಿ?"

"ಹಂಗಾರ ವಾಸನಿನ ನೋಡು. ಬಂತು, ಐತಿ, ಹೋತು. ಬ್ಯಾರೆ ಏನೈತಿ ನೋಡಾಕ?"

"ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ಹೊರಗ ಬಾ, ಕಕ್ಕು, ಮುಖ ತೊಳಕೊ, ಮತ್ತ ಒಳಗ ಹೋಗು. ಕಣ್ಣು ಮುಚ್ಚಿ ಕುಂದ್ರಾಕ ನನ್ನ ಮನಿಗೆ ಬರೋದು ದೊಡ್ಡದಲ್ಲಲೇ ದುರುಗ. ಅಲ್ಲಿ ಕಣ್ಣು ತೆರೆದು ನಿಂದ್ರು."

ಮೊದಲ ಹೆಣ ಚಿಗಟೇರಿ ಕಡೆಯ ಒಬ್ಬ ಗಾರೆ ಕೆಲಸದವನದು. ಕಟ್ಟುತ್ತಿದ್ದ ಮನೆಯ ಸಾರುವೆಯಿಂದ ಬಿದ್ದಿದ್ದ. ಜೊತೆಯಲ್ಲಿ ಬಂದ ಪೇದೆ ಕೊಟ್ರಪ್ಪ, ದಪ್ಪ ಮೀಸೆಯ ನಗುಮುಖದವನು, ನನ್ನಪ್ಪನ ಕಾಲದಿಂದಲೂ ಹೆಣಗಳ ಹಿಂದೆ ಓಡಾಡಿದವನು. ಅಂಗಿಯ ಜೇಬಿನಿಂದ ಎರಡು ಪಾಕೀಟು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಚಾಚಿದ.

"ತಗೋ ದುರುಗಣ್ಣ. ಹಾಕ್ಕೊಂಡು ಹೋಗು."

"ನಾನು ಕುಡಿಯಂಗಿಲ್ಲ."

"ಕುಡಿಯಂಗಿಲ್ಲ ಅಂದ್ರ ಹೆಂಗಪ್ಪಾ? ನಿಮ್ಮಪ್ಪ ಹುಲಿ, ಆತನೂ ಕುಡೀತಿದ್ದ. ಮನಷಾ ಅನ್ನೋನು ಮೈಮ್ಯಾಲ ಎಚ್ಚರಿಟ್ಟುಕೊಂಡು ಮಾಡೋ ಕೆಲಸ ಏನು ಇದು?"

"ಎಚ್ಚರ ಇಟ್ಟುಕೊಂಡ ಮಾಡ್ತೀನಿ, ನೋಡು."

ಆ ದಿನ ಮೂರು ಸಲ ಹೊರಗೆ ಬಂದು ವಾಂತಿ ಮಾಡಿದೆ. ಮೂರು ಸಲವೂ ಕೊಟ್ರಪ್ಪ ಬೇವಿನ ಮರದ ಕೆಳಗಿನಿಂದ ಪಾಕೀಟು ಎತ್ತಿ ತೋರಿಸಿದ. ಮೂರು ಸಲವೂ ಮುಖ ತೊಳೆದು ಒಳಗೆ ಹೋದೆ. ನಾಲ್ಕನೇ ಸಲ ಹೊರಗೆ ಬಂದಾಗ ಕೆಲಸ ಮುಗಿದಿತ್ತು. ಕೊಟ್ರಪ್ಪ ನನ್ನ ಮುಖ ನೋಡಿ, "ಸತ್ತು ಹುಟ್ಟಿ ಬಂದೀಯಲ್ಲೋ ಬುದ್ಧಪ್ಪಾ" ಎಂದು ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಿತ್ತು ತಾನೇ ಕುಡಿದ. ಅಂದಿನಿಂದ ಸ್ಟೇಷನ್ನಿನಲ್ಲಿ ನನಗೆ ಬುದ್ಧಪ್ಪ ಎಂದೇ ಹೆಸರಾಯಿತು. ಅವರು ಹಾಸ್ಯಕ್ಕೆ ಕರೆದರು, ನಾನು ಓ ಎಂದೆ.

ವಾಸನೆಯ ಬಗ್ಗೆ ನಾನು ಕಲಿತದ್ದನ್ನು ಹೇಳುತ್ತೇನೆ, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ವಾಸನೆ ಬೇರೆ, ಹೇಸಿಗೆ ಬೇರೆ. ಮೂಗಿಗೆ ಬಡಿಯುವುದು ಒಂದು ಕ್ಷಣದ್ದು. ಅದರ ಹಿಂದೆಯೇ ಗಂಟಲಲ್ಲಿ ಒಂದು ಹಿಡಿತ ಬರುತ್ತದೆ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ತಲೆಯಲ್ಲಿ "ಓಡು" ಎನ್ನುವ ಮಾತು. ಮೊದಲ ವರ್ಷ ಈ ನಾಲ್ಕೂ ಒಂದೇ ಎಂದು ತಿಳಿದಿದ್ದೆ. ಉಸಿರಿನ ಮೇಲೆ ಗಮನ ಇಟ್ಟು ನಿಂತಾಗ ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಗಂಟಲ ಹಿಡಿತವನ್ನು ಸುಮ್ಮನೆ ನೋಡಿದರೆ ಅದು ಹೊಟ್ಟೆಗೆ ಇಳಿಯುವುದಿಲ್ಲ. ಇಳಿದರೂ ತಲೆಗೆ ಏರುವುದಿಲ್ಲ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ, ಬಸ್ಸಿನಲ್ಲಿ ಯಾರೋ ಬೀಡಿ ಹಚ್ಚಿದಾಗ, ಮೇಲಧಿಕಾರಿ ಬೈಯುವಾಗ ಕೂಡ ಇದನ್ನೇ ಅಭ್ಯಾಸ ಮಾಡಿದೆ. ಬೈಗುಳವೂ ಮೊದಲು ಕಿವಿಗೆ ಬರುವ ಸದ್ದು ಮಾತ್ರ. ಆದರೆ ನಾನು ಬೈಗುಳಕ್ಕೆ ವಾಪಸು ಬೈದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ಒಮ್ಮೆ ದೊಡ್ಡ ಮನೆತನದ ಯಜಮಾನರೊಬ್ಬರ ಹೆಣ ಬಂತು, ಲಾರಿ ಹಾದಿತ್ತು. ಅವರ ಅಳಿಯ ನನ್ನನ್ನು ನೋಡಿ ಡಾಕ್ಟರನ್ನು ಪಕ್ಕಕ್ಕೆ ಕರೆದು, "ಇಂವ ಮುಟ್ಟೋದು ಬ್ಯಾಡ್ರಿ, ಬ್ಯಾರೆ ಯಾರನ್ನಾದ್ರೂ ಕರೆಸ್ರಿ" ಎಂದ. ನನಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ. ನಾನು ಕೈಗವಸು ಬಿಚ್ಚಿ ಮರದ ಕೆಳಗೆ ಕುಳಿತೆ. "ಐದು ತಾಲ್ಲೂಕು ಹುಡುಕ್ರಿ. ಬ್ಯಾರೆ ಕುಲದಾಂವ ಒಬ್ಬ ಸಿಕ್ರ ದಬ್ಬಳ ಆತನ ಕೈಗೆ ಕೊಟ್ಟು ಕೈ ಮುಗಿತೀನಿ." ಅವರು ಹುಡುಕಿದರು, ನಿಜವಾಗಿ ಹುಡುಕಿದರು. ಜೀಪು ಎರಡು ಕಡೆ ಹೋಗಿ ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದೇ ಅಳಿಯ ಬಂದು, "ನಡೀರಿ" ಎಂದ. ಬಹುವಚನ ಆಗ ಬಂದಿತ್ತು. ಆ ನಾಲ್ಕು ಗಂಟೆ ಮರದ ಕೆಳಗೆ ಕುಳಿತಾಗ ನಾನು ಶಾಂತನಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಎದೆಯಲ್ಲಿ ಕುದಿಯುತ್ತಿತ್ತು. ಕುದಿಯುತ್ತಿದೆ ಎಂದು ನೋಡುತ್ತ ಕುಳಿತಿದ್ದೆ. ಏಳಲಿಲ್ಲ, ಅಷ್ಟೇ.

ಈಗ ನನ್ನ ತಪ್ಪನ್ನು ಹೇಳಬೇಕು. ನಾಲ್ಕೈದು ವರ್ಷ ಕಳೆದ ಮೇಲೆ ನನಗೆ ಏನೂ ಆಗದ ಹಾಗಾಯಿತು. ಹೆಣ ಬಂದರೆ ಹೆಣ, ಹೋದರೆ ಹೋಯಿತು. ಇದೇ ಸಮಚಿತ್ತ, ನಾನು ಬಹಳ ದೂರ ಬಂದೆ ಎಂದು ಒಳಗೊಳಗೇ ಬೀಗಿದೆ. ಆಗ ಉಚ್ಚಂಗಿದುರ್ಗದ ಕಡೆಯ ಒಂದು ಹುಡುಗಿಯ ಹೆಣ ಬಂತು, ಕ್ರಿಮಿನಾಶಕ ಕುಡಿದಿದ್ದಳು. ಕೆಲಸ ಮುಗಿಸಿ ಹೊರಗೆ ಬಂದಾಗ ಅವಳ ತಾಯಿ ನನ್ನ ಕೈ ಹಿಡಿದುಕೊಂಡಳು.

"ಕೊಯ್ಯಾಗ ನನ್ನ ಮಗಳಿಗೆ ನೋವಾತೇನಪ್ಪಾ?"

ನಾನು ದೊಡ್ಡ ಜ್ಞಾನಿಯ ಹಾಗೆ ಹೇಳಿದೆ: "ಹುಟ್ಟಿದ್ದೆಲ್ಲಾ ಹೋಗೋದ ಅವ್ವ. ಅದು ನಿನ್ನ ಮಗಳಲ್ಲ, ಬರೀ ಮೈ."

ಆಕೆ ನನ್ನ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಎಂದಿತು. ಕೊಟ್ರಪ್ಪ ಓಡಿ ಬಂದು ಆಕೆಯನ್ನು ಹಿಡಿದುಕೊಂಡ. ಆಕೆ ಅಳಲಿಲ್ಲ, ನನ್ನನ್ನು ನೋಡುತ್ತ ನಿಂತಳು. ನನಗೆ ಆ ಏಟಿಗಿಂತ ಆ ನೋಟ ಹೆಚ್ಚು ಸುಟ್ಟಿತು.

ಮೇಷ್ಟ್ರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ.

"ಸರಿಯಾಗಿ ಹೊಡದಾಳ" ಎಂದರು. "ನಿಮ್ಮಪ್ಪ ಸಾರಾಯಿ ಕುಡಿದು ಕಲ್ಲಾಕ್ಕಿದ್ದ. ನೀನು ಉಸಿರು ಕುಡಿದು ಕಲ್ಲಾಗೀದಿ. ಏನು ಫರಕ್ ಐತಿ ಹೇಳಲೇ? ಎಚ್ಚರ ಅಂದ್ರ ಆಕೀ ಕೈ ನಡುಗಾಕ ಹತ್ತಿತ್ತೋ ಇಲ್ಲೋ ಅನ್ನೋದು ನಿನಗ ಗೊತ್ತಾಗಬೇಕಿತ್ತು. ಗೊತ್ತಾತೇನು?"

ಗೊತ್ತಾಗಿರಲಿಲ್ಲ. ಆಕೆ ನನ್ನ ಕೈಯನ್ನೇ ಹಿಡಿದಿದ್ದರೂ ಗೊತ್ತಾಗಿರಲಿಲ್ಲ. ಐದನೇ ಶೀಲವನ್ನು ಬಾಯಿಂದ ಪಾಲಿಸಿ ಒಳಗಿನಿಂದ ಮುರಿದಿದ್ದೆ ಎಂದು ಆ ದಿನ ಅನ್ನಿಸಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಅತ್ತೆ.

ಅಲ್ಲಿಂದ ಮುಂದೆ ನನ್ನ ಕೆಲಸದ ರೀತಿ ಬದಲಾಯಿತು. ಗೋಣಿ ದಬ್ಬಳ ಎಸೆದು ತಾತನ ಪೆಟ್ಟಿಗೆಯಿಂದ ಚಪ್ಪಲಿ ಹೊಲಿಯುವ ಸಣ್ಣ ಸೂಜಿ ತಂದೆ. ಒಂದು ಉಸಿರಿಗೆ ಒಂದು ಹೊಲಿಗೆ. ಉಸಿರು ಒಳಗೆ ಹೋಗುವಾಗ ಸೂಜಿ ಚುಚ್ಚುವುದು, ಹೊರಗೆ ಬರುವಾಗ ದಾರ ಎಳೆಯುವುದು. ಮನಸ್ಸು ಅತ್ತಿತ್ತ ಹೋದರೆ ಹೊಲಿಗೆ ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಶುರು ಮಾಡುವ ಮುಂಚೆ ಪಂಚನಾಮೆಯಲ್ಲಿ ಇದ್ದ ಹೆಸರನ್ನು ಓದಿಕೊಂಡು, ಆ ಹೆಸರು ಹಿಡಿದು, "ಯಲ್ಲಪ್ಪಾ, ಕೈ ಹಚ್ಚತೀನಿ" ಎಂದು ಹೇಳಿಯೇ ಮುಟ್ಟುತ್ತಿದ್ದೆ. ಮೈಲಾರದ ಹತ್ತಿರ ಹೊಳೆಯಲ್ಲಿ ಮುಳುಗಿ ಬಂದ ಗುರುತಿಲ್ಲದವರೂ ಇರುತ್ತಿದ್ದರು. ಅವರಿಗೆ "ಅಣ್ಣ" ಎನ್ನುತ್ತಿದ್ದೆ. ಒಬ್ಬ ಡಾಕ್ಟರು ಬಾಗಿಲಿನಿಂದ ಕೂಗುತ್ತಿದ್ದರು: "ಮೂಟಿ ಹೊಲ್ದಂಗ ಹೊಲ್ದು ಬಾರೋ ಮಾರಾಯಾ, ಮಣ್ಣಿಗೆ ಹೋಗೋದಕ್ಕ ಎಂಬ್ರಾಯ್ಡರಿ ಹಾಕಾಕ ಹತ್ಯಾನ." ನಾನು ತಲೆ ಎತ್ತುತ್ತಿರಲಿಲ್ಲ. ಅವರ ಊಟಕ್ಕೆ ತಡವಾದರೆ ಆಗಲಿ. ಹೂವಿನಹಡಗಲಿ ಕಡೆಯ ಒಬ್ಬ ಮುದುಕ ತನ್ನ ತಮ್ಮನ ಎದೆಯ ಮೇಲಿನ ಬಟ್ಟೆ ಸರಿಸಿ ನೋಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, ನನ್ನ ಕಡೆ ಕೈ ಮುಗಿದ. ಆ ಡಾಕ್ಟರಿಗೆ ಯಾರೂ ಹಾಗೆ ಕೈ ಮುಗಿದದ್ದನ್ನು ನಾನು ಕಾಣೆ.

ಇನ್ನು ನನ್ನ ನೌಕರಿಯನ್ನೇ ಅಲ್ಲಾಡಿಸಿದ ಹೆಣದ ವಿಷಯ. ಎರಡು ಸಾವಿರದ ಇಸವಿ ದಾಟಿತ್ತು. ಆಸ್ಪತ್ರೆಗೆ ಹೊಸದಾಗಿ ಒಬ್ಬ ಎಳೆಯ ಡಾಕ್ಟರು ಬಂದಿದ್ದರು. ಓದಿನಲ್ಲಿ ಜಾಣ, ಜ್ವರ ಕೆಮ್ಮಿಗೆ ಒಳ್ಳೆಯ ಕೈ. ಶವದ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಮದುವೆಯಾಗಿ ವರ್ಷ ತುಂಬದ ಒಬ್ಬ ಹೆಣ್ಣುಮಗಳನ್ನು ತಂದರು. ನೀರು ತರಲು ಹೋಗಿ ಬಾವಿಗೆ ಜಾರಿ ಬಿದ್ದಳು ಎಂದು ಬರೆಸಿದ್ದರು. ಗಂಡನ ಮನೆಯವರು ಬೇಗ ಕೊಡಿ ಬೇಗ ಕೊಡಿ ಎಂದು ಅವಸರ ಮಾಡುತ್ತಿದ್ದರು. ಅವಳ ಅಣ್ಣ ಒಬ್ಬನೇ ಗೋಡೆಗೆ ಒರಗಿ ನಿಂತಿದ್ದ.

ನೀರು ಹಾಕಿ ಮೈ ತೊಳೆದೆ. ನೀರಿನಲ್ಲಿ ಸತ್ತವರನ್ನು ನಾನು ಬಹಳ ಮಂದಿಯನ್ನು ನೋಡಿದ್ದೆ. ಮೂಗಿನಲ್ಲಿ ನೊರೆ ಬಂದಿರುತ್ತದೆ, ಮುಷ್ಟಿಯಲ್ಲಿ ಕೆಸರೋ ಪಾಚಿಯೋ ಏನೋ ಒಂದು ಗಟ್ಟಿಯಾಗಿ ಹಿಡಿದಿರುತ್ತದೆ. ಈಕೆಗೆ ನೊರೆ ಇರಲಿಲ್ಲ. ಅಂಗೈ ಬಿಚ್ಚಿತ್ತು, ಸ್ವಚ್ಛವಾಗಿತ್ತು. ಜಡೆ ಎತ್ತಿದಾಗ ಕತ್ತಿನ ಹಿಂದೆ ಕೂದಲಿನ ಕೆಳಗೆ ಹಗ್ಗ ಬಿಗಿದಂಥ ಒಂದು ಗೆರೆ ಕಂಡಿತು. ಬಾಗಿಲಲ್ಲಿ ಡಾಕ್ಟರು ಆಗಲೇ ಕಾಂಪೌಂಡರ್ ಕೈಯಲ್ಲಿ ಬರೆಸುತ್ತಿದ್ದರು: ನೀರು ಕುಡಿದು ಉಸಿರುಗಟ್ಟಿ ಸಾವು.

"ಸಾರ್, ಒಳಗ ಬರ್ರಿ. ಕತ್ತು ನೋಡ್ರಿ."

"ಏನದು ಹೇಳು, ಬರೆಸ್ತೀನಿ."

"ಹೇಳೋದಲ್ರಿ ಇದು. ನೀವ ನೋಡಬೇಕು."

"ನೀನೇನು ಡಾಕ್ಟರಾ?"

"ಅಲ್ರಿ. ಅದಕ್ಕ ನಿಮ್ಮನ್ನ ಕರಿಯಾಕ ಹತ್ತೀನಿ."

ಅವರು ಮುಖ ಕೆಂಪಗೆ ಮಾಡಿಕೊಂಡು, "ಸುಮ್ಮನೆ ಕೊಯ್ದು ಹೊಲಿದು ಮುಗಿಸು" ಎಂದರು. ನಾನು ಚಾಕುವನ್ನು ನೀರಿನ ಬೋಗುಣಿಗೆ ಹಾಕಿ, ಹೆಣದ ಮೇಲೆ ಬಟ್ಟೆ ಎಳೆದು, ಕೋಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. "ನೀವು ಒಳಗ ಬರೋತನಕ ನಾನು ಮುಟ್ಟಂಗಿಲ್ಲ." ಹೊತ್ತು ಮುಳುಗಿದ ಮೇಲೆ ಕೊಯ್ಯುವ ಹಾಗಿರಲಿಲ್ಲ, ಬಿಸಿಲು ಆಗಲೇ ಕಿಟಕಿಯಿಂದ ಗೋಡೆಗೆ ಏರಿತ್ತು. ಹೊರಗೆ ಗಲಾಟೆ ಶುರುವಾಯಿತು. ಡಾಕ್ಟರು ಜನರ ಕಡೆ ತಿರುಗಿ ಸುಲಭವಾದ ಮಾತು ಹೇಳಿದರು: "ಕುಡಿದಿದ್ದಾನೆ."

ನೆರೆದವರೆಲ್ಲ ಒಮ್ಮೆಲೇ ನಂಬಿದರು. ಹೆಣ ಕೊಯ್ಯುವವನು, ಕುಡಿದಿರುತ್ತಾನೆ. ಹತ್ತು ವರ್ಷ ಮೀರಿ ನಾನು ಹಲ್ಲು ಕಚ್ಚಿ ಉಳಿಸಿಕೊಂಡದ್ದನ್ನು ಒಂದು ಮಾತು ನುಂಗಿ ಹಾಕಿತು. "ರಕ್ತ ತಗೊಳ್ರಿ! ಈಗಿಂದೀಗ ತಗೊಂಡು ನೋಡ್ರಿ!" ಎಂದು ಕೂಗಿದೆ. ಯಾರೂ ತೆಗೆಯಲಿಲ್ಲ. ಏಳಬೇಕು, ಅವರ ಕೊರಳಪಟ್ಟಿ ಹಿಡಿಯಬೇಕು ಎಂದು ಮೈಯೆಲ್ಲ ಎದ್ದಿತ್ತು. ಎದ್ದರೆ ಕುಡಿದವನೇ ಆಗುತ್ತಿದ್ದೆ. ಕುಳಿತೆ. ಉಸಿರು ಓಡುತ್ತಿತ್ತು, ಓಡುತ್ತಿದೆ ಎಂದು ನೋಡಿದೆ.

ಕೊನೆಗೆ ಆ ಹೆಣ್ಣುಮಗಳ ಅಣ್ಣ ಗೋಡೆ ಬಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತ. "ಡಾಕ್ಟ್ರೇ, ಆತ ಕುಡಿದಿದ್ರ ಕುಡಿದಿರಲಿ, ನೀವು ಕುಡಿದಿಲ್ಲಲ್ಲ. ನೀವ ಹೋಗಿ ನೋಡ್ರಿ. ನೋಡದ ಬರದ್ರ ನಾನು ಹೆಣ ತಗೊಳ್ಳಂಗಿಲ್ಲ." ಡಾಕ್ಟರಿಗೆ ದಾರಿ ಉಳಿಯಲಿಲ್ಲ. ಒಳಗೆ ಬಂದರು. ಬಂದವರು ಹೆಣ ಮಲಗಿಸಿದ್ದ ಕಲ್ಲಿನ ಅಂಚು ಹಿಡಿದುಕೊಂಡು ಬಿಳುಚಿ ನಿಂತರು. ಕೈ ನಡುಗುತ್ತಿತ್ತು. ಈ ಸಲ ನನಗೆ ಅದು ಕಂಡಿತು. ಪಾಪ, ಸೊಕ್ಕಿಗಿಂತ ಹೆದರಿಕೆಯೇ ಇಷ್ಟು ದಿನ ಅವರನ್ನು ಹೊರಗೆ ನಿಲ್ಲಿಸಿತ್ತು.

"ಸಾರ್, ಉಸಿರು ಕಟ್ಟಬ್ಯಾಡ್ರಿ. ಬಿಡ್ರಿ. ವಾಸನಿ ಬರ್ತೈತಿ, ಹೋಕ್ಕೈತಿ. ನೀವು ನಿಂದ್ರಿ."

ಅವರು ನಿಂತರು. ಕತ್ತು ನೋಡಿದರು. ನನಗಿಂತ ಚೆನ್ನಾಗಿ ನೋಡಿದರು, ಓದಿದ ಕಣ್ಣು. ನನಗೆ ಕಾಣದ ಇನ್ನೂ ಎರಡು ಗುರುತು ತೋರಿಸಿದರು. ಬಿಸಿಲು ಹೋಗುವುದರೊಳಗೆ ಮುಗಿಸಿದೆವು. ಕಂಡದ್ದನ್ನು ಕಂಡ ಹಾಗೆಯೇ ವರದಿಯಲ್ಲಿ ಬರೆದರು. ಆಮೇಲೆ ತಮ್ಮ ಕೋಣೆಗೆ ಹೋಗಿ, ನಾನು ಕುಡಿದು ಕರ್ತವ್ಯಕ್ಕೆ ಅಡ್ಡಿ ಮಾಡಿದೆ ಎಂದು ಮೇಲಿನ ಕಚೇರಿಗೆ ಬರೆದರು. ಜನರೆದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಆಗಲಿಲ್ಲ. ಎರಡನ್ನೂ ಒಂದೇ ಪೆನ್ನಿನಿಂದ ಬರೆದರು.

ನನ್ನನ್ನು ಅಮಾನತು ಮಾಡಿದರು. ಕಚೇರಿಯ ಗುಮಾಸ್ತರು ಕೆಟ್ಟವರಲ್ಲ, ಕೂರಿಸಿಕೊಂಡು ಬುದ್ಧಿ ಹೇಳಿದರು: "ಒಪ್ಪಿಕೊಂಡುಬಿಡು ದುರುಗಪ್ಪ. ಆ ಕೆಲಸದಾಗ ಎಲ್ಲಾರೂ ಕುಡೀತಾರ ಅಂತ ಸಾಹೇಬ್ರಿಗೂ ಗೊತ್ತೈತಿ. ತಪ್ಪಾತು ಅಂತ ಒಂದು ಸಾಲು ಬರದ್ರ ನಾಳೆ ಡ್ಯೂಟಿ." ಒಂದು ಸಾಲು! ಮನೆಗೆ ಬಂದು ಹೆಂಡತಿ ಗಾಳೆಮ್ಮನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: "ಬರದು ಕೊಟ್ರ ಅಲ್ಲೇ ಇದ್ದುಬಿಡು. ಮನಿಗೆ ಬರಬ್ಯಾಡ. ಕುಡುಕನ ಸೊಸಿ ಆಗಿದ್ದು ಸಾಕು, ಕುಡುಕನ ಹೇಣ್ತಿ ಅನ್ನಿಸಿಕೊಳ್ಳಂಗಿಲ್ಲ." ಐದು ತಿಂಗಳು ಮನೆಯಲ್ಲಿದ್ದೆ. ಬರೆಯಲಿಲ್ಲ.

ವಿಚಾರಣೆಯ ದಿನ ಅಧಿಕಾರಿ ಡಾಕ್ಟರನ್ನು ಕೇಳಿದರು, ಇವನ ಬಾಯಿಂದ ವಾಸನೆ ಬಂತೇ ಎಂದು. ಆ ಕೋಣೆಯಲ್ಲಿ ಬೇರೆ ವಾಸನೆ ಗೊತ್ತಾಗುವುದಿಲ್ಲ ಎಂದರು ಡಾಕ್ಟರು, ತಲೆ ಎತ್ತದೆ. ನನ್ನ ಪರವಾಗಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ನಾನು ಒಬ್ಬನ ಹೆಸರು ಹೇಳಿದೆ. ಕೊಟ್ರಪ್ಪ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬಂದು ಸೆಲ್ಯೂಟ್ ಹೊಡೆದು ನಿಂತ.

"ಇವರು ಕುಡಿಯೋದನ್ನ ನೋಡಿದೀರಾ?"

"ಇಲ್ರಿ ಸಾಹೇಬ್ರ. ಹನ್ನೊಂದು ವರ್ಷ ನಾನ ಪಾಕೀಟು ತಂದು ಕೊಟ್ಟೀನಿ. ಒಂದ ಒಂದು ಮುಟ್ಟಲಿಲ್ಲ."

"ಮತ್ತೆ ಆ ಪಾಕೀಟುಗಳು ಏನಾದವು?"

ಕೊಟ್ರಪ್ಪ ಸುಳ್ಳು ಹೇಳಬಹುದಿತ್ತು.

"ನಾನ ಕುಡದೆ ರೀ."

ಗುಮಾಸ್ತರು ನಕ್ಕರು, ಅಧಿಕಾರಿಯೂ ನಕ್ಕರು, ನಾನೂ ನಕ್ಕೆ. ಆ ಒಂದು ಮಾತಿಗೆ ಕೊಟ್ರಪ್ಪನಿಗೆ ಅವನ ಇಲಾಖೆಯಿಂದ ನೋಟೀಸು ಬಂತು, ದೂರದ ಸ್ಟೇಷನ್ನಿಗೆ ಹಾಕಿದರು. ನನಗೆ ಆದೇಶ ಬಂತು: ಆರೋಪ ಸಾಬೀತಾಗಿಲ್ಲ. ಸಾಬೀತಾಗಿಲ್ಲ ಎಂದರೆ ಕುಡಿದಿರಲೂಬಹುದು ಎಂದು ಅರ್ಥ. ಕುಡಿದಿರಲಿಲ್ಲ ಎಂದು ಬರೆದುಕೊಡಿ ಎಂದು ಅರ್ಜಿ ಹಾಕಿದೆ. ಹಾಗೆ ಬರೆಯುವ ಪದ್ಧತಿ ಇಲ್ಲ ಎಂದರು. ಮತ್ತೊಂದು ಹಾಕಿದೆ, ಮಗದೊಂದು ಹಾಕಿದೆ. ಇವತ್ತಿಗೂ ಉತ್ತರವಿಲ್ಲ. ಅವರು ಬರೆಯದಿದ್ದರೆ ಬೇಡ, ಇಲ್ಲಿ ನಾನೇ ಬರೆಯುತ್ತೇನೆ. ಕುಡಿದಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಕೋಣೆಗೆ ಗಾಳಿ ಹೊರದಬ್ಬುವ ಫ್ಯಾನ್ ಬಂತು, ಎರಡು ನಲ್ಲಿ ಬಂದವು, ಒಳ್ಳೆಯ ಕೈಗವಸು ಬಂದವು. ಒಬ್ಬ ಹೆಣ್ಣು ಡಾಕ್ಟರು ಬಂದರು, ಅವರು ಸೆರಗು ಬಿಗಿದು ನನಗಿಂತ ಮುಂಚೆ ಒಳಗೆ ಹೋಗುತ್ತಿದ್ದರು, ತಾವೇ ಕೊಯ್ಯುತ್ತಿದ್ದರು. ನನ್ನ ಪಾಲಿಗೆ ಹೊಲಿಗೆ ಉಳಿಯಿತು. ಪಾಕೀಟಿನ ಪದ್ಧತಿ ಮಾತ್ರ ಹೋಗಲಿಲ್ಲ. ಬೇರೆ ಬೇರೆ ಪೇದೆಗಳು ತರುತ್ತಿದ್ದರು, ನಾನು ಬೇಡ ಎಂದು ಅಂಗೈ ಅಡ್ಡ ಹಿಡಿಯುತ್ತಿದ್ದೆ, ಅದು ಅವರ ಜೇಬಿಗೆ ವಾಪಸು ಹೋಗುತ್ತಿತ್ತು. ನನ್ನ ಶೀಲ ಉಳಿಯುತ್ತಿತ್ತು.

ವಿಚಾರಣೆಯಾಗಿ ಎರಡನೇ ವರ್ಷ, ಒಂದು ಬೆಳಿಗ್ಗೆ ರಸ್ತೆ ಪಕ್ಕದಲ್ಲಿ ಬೈಕಿನಿಂದ ಬಿದ್ದು ಸತ್ತವನೊಬ್ಬನನ್ನು ತಂದರು. ಮುಖದ ಮೇಲಿನ ಬಟ್ಟೆ ತೆಗೆದೆ. ಮೀಸೆ ಬೆಳ್ಳಗಾಗಿತ್ತು. ಕೊಟ್ರಪ್ಪ.

ರಜೆಯಲ್ಲಿ ಊರಿಗೆ ಬಂದಿದ್ದನಂತೆ. ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಡಾಕ್ಟರಮ್ಮ ಗಮನಿಸಿ, "ಗುರುತಿನವರಾ? ನೀವು ಹೊರಗಿರಿ" ಎಂದರು. "ಇಲ್ರಿ, ನಾನ ಇರ್ತೀನಿ" ಎಂದು, "ಕೊಟ್ರಪ್ಪಾ, ಕೈ ಹಚ್ಚತೀನಿ" ಎಂದೆ. ಅವರು ಕೊಯ್ದು ನೋಡುತ್ತ ಹೋದರು. ಪಿತ್ತಜನಕಾಂಗವನ್ನು ಎತ್ತಿ ಹಿಡಿದು ನನಗೂ ತೋರಿಸಿದರು. ಕುಗ್ಗಿ, ಗಂಟುಗಂಟಾಗಿ, ಗಟ್ಟಿಯಾಗಿತ್ತು. "ಬಿದ್ದದ್ದು ನೆಪ. ಹೆಚ್ಚು ದಿನ ಇರಲಿಲ್ಲ ಇವರು. ಬಹಳ ವರ್ಷದ ಕುಡಿತ" ಎಂದರು.

ಆ ವರ್ಷಗಳಲ್ಲಿ ಹನ್ನೊಂದು ನನ್ನವು. ನಾನು ಬೇಡ ಎಂದದ್ದೆಲ್ಲ ಅಲ್ಲಿತ್ತು. ಮೊದಲ ದಿನವೇ, ಬೇವಿನ ಮರದ ಕೆಳಗೆ, ನನ್ನ ಕಣ್ಣೆದುರೇ ಹಲ್ಲಿನಿಂದ ಕಿತ್ತು ಕುಡಿದಿದ್ದ. ನಾನು ಉಸಿರು ನೋಡಿದೆ, ವಾಸನೆ ನೋಡಿದೆ, ಸಿಟ್ಟು ನೋಡಿದೆ, ಸತ್ತವರ ಕತ್ತಿನ ಗೆರೆ ನೋಡಿದೆ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನಗುತ್ತಿದ್ದವನನ್ನು ನೋಡಲಿಲ್ಲ. ವಿಚಾರಣೆಯಲ್ಲಿ ಅವನು ನಿಜ ಹೇಳಿದಾಗ ನಾನು ನಕ್ಕಿದ್ದೆ. ಹೊಲಿಯಲು ಕುಳಿತಾಗ ಕಣ್ಣು ಮಂಜಾಗಿ ಹೊಲಿಗೆ ಓರೆಯಾಯಿತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೂ ಓರೆಯಾಯಿತು. ಡಾಕ್ಟರಮ್ಮ ಗಡಿಯಾರ ನೋಡಲಿಲ್ಲ, ನನ್ನ ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದರು.

ಮುಂದಿನ ವಾರ ಇನ್ನೊಂದು ಹೆಣ ಬಂತು. ಜೊತೆಯಲ್ಲಿ ಬಂದ ಪೇದೆ ನೌಕರಿಗೆ ಹೊಸಬ, ಇನ್ನೂ ಬೂಟು ಕಚ್ಚುತ್ತಿದ್ದ ಕಾಲು. ಯಾರೋ ಹೇಳಿಕೊಟ್ಟಿದ್ದನ್ನು ಹಾಗೆಯೇ ಒಪ್ಪಿಸಿದ: "ಅಣ್ಣಾರ, ಇದನ್ನ ಹಾಕ್ಕೊಂಡು ಹೋಗ್ರಿ. ಕುಡೀದ ಆ ಕೆಲಸ ಆಗಂಗಿಲ್ಲಂತ." ಎರಡು ಪಾಕೀಟು. ನಾನು ಕೈ ಚಾಚಿ ತೆಗೆದುಕೊಂಡೆ. ಬುದ್ಧಪ್ಪ ಕೊನೆಗೂ ಬಗ್ಗಿದ ಎಂದು ಕಾಂಪೌಂಡರ್ ಬಾಯಿ ಬಿಟ್ಟುಕೊಂಡು ನೋಡಿದ. ಕೋಣೆಯೊಳಗೆ ಹೋಗಿ, ಕತ್ತರಿಯಿಂದ ಎರಡರ ಮೂಲೆಯನ್ನೂ ಕತ್ತರಿಸಿ, ಬಚ್ಚಲಿಗೆ ತಲೆಕೆಳಗಾಗಿ ಹಿಡಿದೆ.

ಹುಡುಗ ಗಾಬರಿಯಾಗಿ ಹೊಸ್ತಿಲ ತನಕ ಓಡಿ ಬಂದ. "ಅಯ್ಯ, ಯಾಕ್ರೀ ಚೆಲ್ಲಿದ್ರಿ? ಬ್ಯಾಡಾಗಿದ್ರ ನನಗ ಕೊಡಬೇಕಿತ್ತಲ್ರಿ!"

"ಅದಕ್ಕ ಚೆಲ್ಲಿದ್ದು" ಎಂದು ನಲ್ಲಿ ತಿರುವಿದೆ.